ಹೊರಟ ಹೊತ್ತಿಗೇ ಮುಟ್ಟಿದ ವಿಮಾನ

ನಿಪ್ಪಾಣಿಯಿಂದ ನಮ್ಮೂರು ಐಗಳಿಗೆ ಎಷ್ಟು ದೂರ ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಕಿಲೋಮೀಟರಿನಲ್ಲಿ ಉತ್ತರ ಬರುವುದಿಲ್ಲ. "ಚಿಕ್ಕೋಡ್ಯಾಗ ಬಸ್ ಸಿಕ್ತಂದ್ರ ಊಟದ ಹೊತ್ತಿಗೆ ಮುಟ್ಟತೀರಿ, ಇಲ್ಲಾಂದ್ರ ದೀಪಾ ಹಚ್ಚೂ ಹೊತ್ತಿಗೆ" ಎನ್ನುತ್ತಾರೆ. ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಕೂರಬೇಕು ಎಂಬುದು ಈ ಲೆಕ್ಕದಲ್ಲಿ ಸೇರಿಲ್ಲ. ಅದು ಅವರವರ ಹಣೆಬರಹ. ಹೆಚ್ಚುಕಡಿಮೆ ಅಷ್ಟೇ ದೂರದ ದಾರಿಯನ್ನು ನಾನೂ ನನ್ನ ಗಂಗವ್ವ ಕಾಕಿಯೂ ಪರದೇಶದಲ್ಲಿ ಒಮ್ಮೆ ವಿಮಾನದಲ್ಲಿ ಹೋದೆವು. ಹತ್ತು ಗಂಟೆಗೆ ಹೊರಟೆವು, ಹತ್ತು ಗಂಟೆಗೇ ಮುಟ್ಟಿದೆವು. ಊರಿಗೆ ಬಂದು ಕಟ್ಟೆಯ ಮೇಲೆ ಇದನ್ನು ಹೇಳಿದಾಗ ಒಬ್ಬರೂ ನಂಬಲಿಲ್ಲ. "ಹೊರದೇಶಕ್ಕ ಹೋಗಿ ಬಂದ ಮ್ಯಾಲ ಸುಳ್ಳ ಹೇಳಾಕ ಚಲೋ ಕಲತಾನ" ಎಂದು ನಕ್ಕರು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ತೊಂಬತ್ತರ ದಶಕದ ಮೊದಲ ವರ್ಷಗಳು. ದ್ರಾಕ್ಷಿಯನ್ನು ಹಸಿಯಾಗಿ ಮಾರುವ ಬದಲು ಒಣಗಿಸಿ ಮಣೂಕ ಮಾಡುವ ಹುರುಪು ನಮ್ಮಲ್ಲಿ ಆಗತಾನೇ ಎದ್ದಿತ್ತು. ಅಥಣಿ, ಕಾಗವಾಡದ ಕೆಲವು ಬೆಳೆಗಾರರು ಗಡಿಯಾಚೆಯ ಮರಾಠಿ ಸೀಮೆಯ ಕೆಲವರನ್ನೂ ಕೂಡಿಸಿಕೊಂಡು ಆಸ್ಟ್ರೇಲಿಯಾದವರ ತೋಟ ನೋಡಿ ಬರಲು ಒಂದು ತಂಡ ಕಟ್ಟಿದರು. ನಮ್ಮ ಮನೆಯಲ್ಲಿ ಕಾಕಾ, ಕಾಕಿ ಇಬ್ಬರ ಪಾಸ್‌ಪೋರ್ಟೂ ಆಗಿತ್ತು. ಆದರೆ ಅಲ್ಲಿ ಕೊಯ್ಲು ನಡೆಯುವ ತಿಂಗಳೇ ನಮ್ಮಲ್ಲೂ ಕೊಯ್ಲು. ಹಣ್ಣು ಬಳ್ಳಿಯ ಮೇಲಿರುವಾಗ ಇಬ್ಬರೂ ಮನೆ ಬಿಡುವ ಹಾಗಿರಲಿಲ್ಲ.

"ನಾ ನೆಲಾ ಬಿಟ್ಟ ಹಾರಾಂವ ಅಲ್ಲ. ಮಣೂಕದ ಶೆಡ್ ನೋಡಾಕಿ ನೀನು, ನೀನ ಹೋಗು" ಎಂದ ಕಾಕಾ. ಕಾಕಿಗೆ ಬೇಕಾಗಿದ್ದೂ ಅದೇ. ಅವಳ ಭಾವನ ಮಗನಾದ ನಾನು ಕೃಷಿ ಪದವಿ ಓದಿ ತೋಟ ನೋಡಿಕೊಂಡಿದ್ದೆ. ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ ಅವಳ ಬಾಯಿಯಾಗಿ ಹೊರಟೆ.

ಮಿಲ್ಡುರಾ

ಮೆಲ್ಬರ್ನಿನಿಂದ ಇಡೀ ದಿನ ಬಸ್ಸಿನಲ್ಲಿ ಕೂತು ಮಿಲ್ಡುರಾ ಎಂಬ ಊರು ಮುಟ್ಟಿದಾಗ, ಕಾಕಿ ಮೊದಲು ಮಾಡಿದ ಕೆಲಸ ಒಂದು ಹಿಡಿ ಮಣ್ಣೆತ್ತಿ ನೋಡಿದ್ದು. ಕೆಂಪು, ಉಸುಕು ಬೆರೆತ, ನೀರಿಗಾಗಿ ಬಾಯಿ ಬಿಟ್ಟ ಮಣ್ಣು. ಅದರ ನಡುವೆ ಮರ್ರೆ ಎಂಬ ಹೊಳೆ ನಮ್ಮ ಕೃಷ್ಣೆಯ ಹಾಗೆಯೇ ಅವಸರವಿಲ್ಲದೆ ಹರಿಯುತ್ತದೆ. ಹೊಳೆಯ ನೀರು ಹರಿದಲ್ಲೆಲ್ಲ ದ್ರಾಕ್ಷಿ, ಕಿತ್ತಳೆ. ನೀರು ನಿಂತ ಗೆರೆಯಿಂದಾಚೆ ಬರೀ ಕುರುಚಲು ಕಂಟಿ. ಹಸಿರಿಗೂ ಕೆಂಪಿಗೂ ನಡುವೆ ಯಾರೋ ದಾರ ಹಿಡಿದು ಗೆರೆ ಹಾಕಿದಂತಿತ್ತು.

"ನೀರ ಒಂದಿತ್ತಂದ್ರ ನಮ್ಮ ಹೊಲಾನೂ ಹಿಂಗ ಇರತಿತ್ತು" ಎಂದಳು ಕಾಕಿ. ಅವಳಿಗೆ ಹೊಟ್ಟೆಕಿಚ್ಚಿನ ಸ್ವಭಾವವಿಲ್ಲ. ಒಳ್ಳೆಯದನ್ನು ಕಂಡರೆ ಅದರ ಪಕ್ಕ ನಿಂತು ಸುಮ್ಮನೆ ನೋಡುತ್ತಾಳೆ, ಆಮೇಲೆ ಪ್ರಶ್ನೆ ಕೇಳುತ್ತಾಳೆ. ಮೂರು ದಿನ ಅವಳ ಪ್ರಶ್ನೆಗಳನ್ನು ಇಂಗ್ಲಿಷಿಗೆ ತಿರುಗಿಸಿ ನನ್ನ ನಾಲಿಗೆ ಸೋತಿತು.

ಕಷ್ಟವೆಂದರೆ ಅವಳು ನನಗಾಗಿ ಕಾಯುತ್ತಲೂ ಇರಲಿಲ್ಲ. ಕನ್ನಡ ತಿಳಿಯದವರು ಎದುರು ಬಂದರೆ ಮರಾಠಿಗೆ ಹೊರಳುವುದು ನಮ್ಮ ಭಾಗದವರ ನಾಲಿಗೆಗೆ ರೂಢಿ. ಕಾಕಿಯ ಮಟ್ಟಿಗೆ ಜಗತ್ತಿನಲ್ಲಿ ಇರುವುದು ಎರಡೇ ಭಾಷೆ: ಮನೆಯದು ಕನ್ನಡ, ಉಳಿದವರದ್ದೆಲ್ಲ ಮರಾಠಿ. ಹಾಗಾಗಿ ಆರಡಿ ಎತ್ತರದ, ಕೆಂಪು ಮುಖದ ಬೆಳೆಗಾರನೊಬ್ಬ ತನ್ನ ಗೊಂಚಲು ತೋರಿಸಿದಾಗ ಅವಳು "ಲೈ ಚಾಂಗ್ಲಾ ಮಾಲ್ ಆಹೆ" ಎಂದು ಮರಾಠಿಯಲ್ಲೇ ಹೊಗಳಿಬಿಟ್ಟಳು. ಅವನು ಅರ್ಥವಾದವನಂತೆ ತಲೆಯಾಡಿಸಿ ಇನ್ನೊಂದು ಗೊಂಚಲು ಕೊಟ್ಟ. "ನೋಡು, ತಿಳೀತದ ಅವರಿಗೆ" ಎಂದು ನನಗೆ ಹೇಳಿದಳು.

ಅವಳ ಕೈಯಲ್ಲಿ ಕಾಕಾನ ಗಡಿಯಾರವಿತ್ತು. ಹೊರಡುವಾಗ ಕಾಕಾ ತಾನೇ ಬಿಚ್ಚಿ ಅವಳ ಮಣಿಕಟ್ಟಿಗೆ ಕಟ್ಟಿದ್ದ. ಅದನ್ನು ಆ ದೇಶದ ಹೊತ್ತಿಗೆ ತಿರುಗಿಸಲು ಅವಳು ಬಿಡಲಿಲ್ಲ. ಊರಲ್ಲಿ ಪಂಪಿಗೆ ಕರೆಂಟು ಬರುವುದು ಎಷ್ಟೊತ್ತಿಗೆ, ಆಳುಗಳು ಕತ್ತರಿ ಹಿಡಿಯುವುದು ಎಷ್ಟೊತ್ತಿಗೆ ಎಂಬುದು ಅವಳಿಗೆ ಕೂತಲ್ಲೇ ಗೊತ್ತಾಗಬೇಕಿತ್ತು. "ಈಗ ಕರೆಂಟ್ ಬಂತು ನೋಡು" ಎಂದು ಅಲ್ಲಿಯವರ ಊಟದ ಮೇಜಿನಲ್ಲಿ ಕೂತು ಹೇಳುವಳು. ಅಲ್ಲಿಯ ಹೊತ್ತು ಬೇಕಾದರೆ ಐದೂವರೆ ತಾಸು ಕೂಡಿಸಿಕೊಳ್ಳಬೇಕಿತ್ತು. ಐದನ್ನು ಕೂಡಿಸುವುದು ಸುಲಭ, ಆ ಅರ್ಧ ಅವಳಿಗೆ ಕಿರಿಕಿರಿ. "ಈ ಊರಿನ ದೊಡ್ಡ ಮುಳ್ಳ ನಮ್ಮ ದೊಡ್ಡ ಮುಳ್ಳಿಗಿ ಬೆನ್ನ ಮಾಡಿ ಕುಂತೈತಿ" ಎನ್ನುತ್ತಿದ್ದಳು.

ಮಣೂಕ ಒಣಗಿಸುವ ಅವರ ರ್ಯಾಕುಗಳು ಮಾತ್ರ ನಮ್ಮನ್ನು ಮರುಳು ಮಾಡಿದವು. ತಂತಿಬಲೆಯ ಅಂತಸ್ತುಗಳು, ಮೇಲೊಂದು ತಗಡಿನ ಚಾವಣಿ, ಹೊಲದುದ್ದಕ್ಕೂ ರೈಲಿನ ಹಾಗೆ ನಿಂತಿದ್ದವು. ನಾವು ಗೊಂಚಲನ್ನು ಔಷಧಿಯ ತೊಟ್ಟಿಯಲ್ಲಿ ಅದ್ದಿ ತೆಗೆದು ಹರಡುತ್ತಿದ್ದೆವು. ಅವರು ಮೊದಲು ಹರಡಿ ಆಮೇಲೆ ಮೇಲಿಂದ ಸಿಂಪಡಿಸುತ್ತಿದ್ದರು. ಅವರ ಮಣೂಕಕ್ಕೆ ಒಂದೇ ಬಣ್ಣ ಬರುವುದು ಅದರಿಂದಲೋ ಬೇರೆ ಯಾವುದರಿಂದಲೋ ಎಂಬುದು ಕಾಕಿಗೆ ಕೊರೆಯುತ್ತಿತ್ತು. ಅಲ್ಲಿಯವರು ನಕ್ಕು, "ಬಣ್ಣ ನೋಡಬೇಕಾದರೆ ರೆನ್‌ಮಾರ್ಕಿನ ಯಾನಿಯ ತೋಟಕ್ಕೆ ಹೋಗಿ" ಎಂದರು.

ರೆನ್‌ಮಾರ್ಕ್ ಎಲ್ಲಿದೆ ಎಂದೆ. "ಇಲ್ಲೇ. ವಿಮಾನದಲ್ಲಿ ಅರ್ಧ ಗಂಟೆ" ಎಂದರು. ಕೂಗಿದರೆ ಕೇಳುವಷ್ಟು ಹತ್ತಿರ ಎಂಬ ಧಾಟಿಯಲ್ಲಿ ಹೇಳಿದ್ದರು.

ತಕ್ಕಡಿಯ ಮೇಲೆ ಕಾಕಿ

ತಂಡದ ಉಳಿದವರು ಪೇಟೆಗೆ ಹೋದರು, ನಾವಿಬ್ಬರು ವಿಮಾನ ನಿಲ್ದಾಣಕ್ಕೆ ಹೋದೆವು. ಎರಡೂ ಊರುಗಳ ನಡುವೆ ಟ್ರ್ಯಾಕ್ಟರಿನ ಬಿಡಿಭಾಗ, ಔಷಧಿಯ ಡಬ್ಬಿ, ಒಬ್ಬಿಬ್ಬರು ಬೆಳೆಗಾರರು ಹೀಗೆ ಏನು ಸಿಕ್ಕರೆ ಅದನ್ನು ಸಾಗಿಸುವ ಒಂದು ಬಾಡಿಗೆ ವಿಮಾನವಿತ್ತು. ಅದರ ಚಾಲಕ ಕೆವಿನ್ ಎಂಬ ನಡುವಯಸ್ಸಿನ, ಚಡ್ಡಿ ತೊಟ್ಟ ಮನುಷ್ಯ. ಅವನೇ ಚೀಟಿ ಹರಿದ, ಅವನೇ ಚೀಲ ಎತ್ತಿಟ್ಟ, ಅವನೇ ವಿಮಾನದ ಗಾಜು ಒರೆಸಿದ. ಕಾಕಿ ಅವನನ್ನು "ಡ್ರೈವರ್ ಸಾಹೇಬ್ರ" ಎಂದು ಕರೆದಳು. ಅಥಣಿಯಿಂದ ಐಗಳಿಗೆ ಬರುವ ಟೆಂಪೊದವನಿಗೂ ಇವನಿಗೂ ಅವಳ ಲೆಕ್ಕದಲ್ಲಿ ರೆಕ್ಕೆಯದ್ದಷ್ಟೇ ವ್ಯತ್ಯಾಸ.

ಕೆವಿನ್ ನಮ್ಮ ಚೀಲಗಳನ್ನು ತೂಗಿದ. ಆಮೇಲೆ ಬಹಳ ವಿನಯದಿಂದ, ನಮ್ಮನ್ನೂ ತಕ್ಕಡಿ ಹತ್ತಲು ಕೇಳಿದ. ಸಣ್ಣ ವಿಮಾನ, ಭಾರ ಎಲ್ಲಿ ಎಷ್ಟು ಕೂತಿದೆ ಎಂದು ಅವನಿಗೆ ಗೊತ್ತಿರಬೇಕು. ನಾನು ಹತ್ತಿದೆ. ಕಾಕಿ ಹತ್ತಲಿಲ್ಲ.

"ಯಾಕ, ನಾ ಏನ ಬೆಲ್ಲದ ಪೆಂಟಿ ಏನು?" ಎಂದಳು. "ನಿಪ್ಪಾಣಿ ಪ್ಯಾಟ್ಯಾಗ ತಂಬಾಕ ತೂಗೂದ ನೋಡೀನಿ. ಹೆಣಮಕ್ಕಳನ ತೂಗೂದ ಎಲ್ಲೂ ನೋಡಿಲ್ಲ."

ಕೆವಿನ್ ಏನಾಯಿತು ಎಂದು ನನ್ನ ಮುಖ ನೋಡಿದ. ನಾನು ಹೇಳಿದೆ. ಅವನು ನಗಲಿಲ್ಲ. ತಕ್ಕಡಿಯ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಬೇರೆ ಯಾರಿಗೂ ಕಾಣದ ಹಾಗೆ ತಾನೊಬ್ಬನೇ ಬಗ್ಗಿ ನೋಡುತ್ತೇನೆ ಎಂದ. ಆ ಮರ್ಯಾದೆ ಕಾಕಿಗೆ ಹಿಡಿಸಿತು. ಹತ್ತಿ ನಿಂತಳು. ಅವನು ನೋಡಿ, ಯಾರಿಗೂ ಏನೂ ಹೇಳದೆ, ಅವಳನ್ನು ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕೂರಿಸಿದ.

ಹತ್ತುವ ಮುಂಚೆ ಇನ್ನೊಂದು ಪರೀಕ್ಷೆ ಇತ್ತು. ಬಾಗಿಲ ಬಳಿ ಒಂದು ದೊಡ್ಡ ಡಬ್ಬಿ, ಅದರ ಮೇಲೆ ಹಣ್ಣಿನ ಚಿತ್ರ. ರೆನ್‌ಮಾರ್ಕ್ ಇರುವುದು ಪಕ್ಕದ ರಾಜ್ಯದಲ್ಲಿ. ಹುಳು ಬೀಳಬಾರದೆಂದು ಆ ಕಡೆಗೆ ಹಸಿ ಹಣ್ಣು ಒಯ್ಯುವ ಹಾಗಿಲ್ಲ. ನಮ್ಮ ಕೈಯಲ್ಲಿ ಬೆಳಿಗ್ಗೆ ಒಬ್ಬ ಬೆಳೆಗಾರ ಕೊಟ್ಟ ದೊಡ್ಡ ಗೊಂಚಲಿತ್ತು. ಡಬ್ಬಿಗೆ ಹಾಕಿ ಎಂದ ಕೆವಿನ್. ಹಣ್ಣನ್ನು ಕಸಕ್ಕೆ ಹಾಕುವ ಹೆಣ್ಣಲ್ಲ ನನ್ನ ಕಾಕಿ. ನಾವಿಬ್ಬರೂ ಡಬ್ಬಿಯ ಪಕ್ಕದ ಬೆಂಚಿನಲ್ಲಿ ಕೂತು ಆ ಗೊಂಚಲನ್ನು ತಿಂದು ಮುಗಿಸಿದೆವು. ಕೆವಿನ್‌ಗೂ ಒಂದು ಹಿಡಿ ಕೊಟ್ಟಳು. ವಿಮಾನ ನಮಗಾಗಿ ಕಾಯಿತು.

ನಮ್ಮಲ್ಲಿ ಕಾಗವಾಡದಾಚೆ ರಾಜ್ಯದ ಗಡಿ ದಾಟಿದರೆ ಬೋರ್ಡಿನ ಮೇಲಿನ ಅಕ್ಷರ ಬದಲಾಗುತ್ತದೆ, ಅಂಗಡಿಯವನ ಮಾತು ಬದಲಾಗುತ್ತದೆ. ಚೀಲದಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ, ಗಡಿಯಾರವಂತೂ ಅದೇ. ಇಲ್ಲಿ ಅಕ್ಷರ ಅದೇ, ಮಾತು ಅದೇ. ತಡೆಯುವುದು ದ್ರಾಕ್ಷಿಯನ್ನು, ಬದಲಾಗುವುದು ಗಡಿಯಾರ. ಗಡಿಯಾರದ ವಿಷಯ ನನಗೆ ಗೊತ್ತಾದದ್ದು ವಿಮಾನ ಏರಿದ ಮೇಲೆ. ನಾವು ಹತ್ತಕ್ಕೆ ಹೊರಟೆವು. ಕೆಳಗೆ ಹೊಳೆ ಅಂಕುಡೊಂಕಾಗಿ ಹೊಳೆಯುತ್ತಿತ್ತು, ನಮ್ಮ ನೆರಳು ಕಂಟಿಗಳ ಮೇಲೆ ಓಡುತ್ತಿತ್ತು. ಕಾಕಿ ಮೊದಲು ಕಣ್ಣು ಮುಚ್ಚಿದ್ದವಳು ನಿಧಾನಕ್ಕೆ ತೆರೆದು, ಆಮೇಲೆ ಮುಚ್ಚಲೇ ಇಲ್ಲ. "ಹಕ್ಕಿ ನಮ್ಮ ಹೊಲಾ ಹಿಂಗ ನೋಡತಾವು" ಎಂದಳು. ಇಳಿಯುವ ಮುಂಚೆ ಕೆವಿನ್ ಹಿಂದೆ ತಿರುಗಿ, "ಈಗ ಇಲ್ಲಿ ಹತ್ತು ಗಂಟೆ. ಗಡಿಯಾರ ಅರ್ಧ ಗಂಟೆ ಹಿಂದೆ ಮಾಡಿಕೊಳ್ಳಿ" ಎಂದ.

ನಾನು ತಿಳಿಸಿ ಹೇಳಿದೆ. ಕಾಕಿ ತನ್ನ ಮಣಿಕಟ್ಟು ನೋಡಿದಳು. ಅದರಲ್ಲಿ ಐದು ಗಂಟೆ, ಊರಿನ ನಸುಕು. ವಿಮಾನ ನಿಂತಾಗ ಕಿಟಕಿಯಿಂದ ಕಂಡ ಶೆಡ್ಡಿನ ಗೋಡೆಗಡಿಯಾರದಲ್ಲಿ ಹತ್ತು. ದೊಡ್ಡ ಮುಳ್ಳು ಎರಡರಲ್ಲೂ ಮೇಲಕ್ಕೇ ನಿಂತಿತ್ತು.

"ಈ ಊರ ನಮ್ಮ ಮುಳ್ಳಿಗಿ ಕೂಡಿ ಬಂತು ನೋಡು" ಎಂದಳು. ಆ ಊರು ಅವಳಿಗೆ ಇಷ್ಟವಾದದ್ದು ಅಲ್ಲಿಯೇ, ಕಾಲು ನೆಲಕ್ಕೆ ತಾಗುವ ಮೊದಲು.

ರೆನ್‌ಮಾರ್ಕ್

ಒಂದು ತಗಡಿನ ಶೆಡ್ಡು, ಒಂದು ಮರ, ಗಾಳಿಯ ದಿಕ್ಕು ತೋರಿಸುವ ಒಂದು ಬಟ್ಟೆಯ ಚೀಲ. ಅಷ್ಟೇ ಆ ನಿಲ್ದಾಣ. ಮರದ ಕೆಳಗೆ ಯಾನಿ ನಿಂತಿದ್ದ. ಗ್ರೀಸ್ ದೇಶದ ಯಾವುದೋ ನಡುಗಡ್ಡೆಯಿಂದ ಹರೆಯದಲ್ಲಿ ಬಂದು ಇಲ್ಲಿ ನೆಲೆ ನಿಂತವನು. ದಪ್ಪ ಮೀಸೆ, ತಲೆಯ ಮೇಲೆ ಹುಲ್ಲಿನ ಟೊಪ್ಪಿಗೆ. ಹೆಂಡತಿ ಮರಿಯಾಳ ಜೊತೆ ಅವನದು ಅವರ ಭಾಷೆ, ನಮ್ಮ ಜೊತೆ ಅಳೆದು ತೂಗಿ ಆಡುವ ಇಂಗ್ಲಿಷ್. ಕಾಕಿ ಅವನ ಹೆಸರು ಕೇಳಿದಳು, ಒಂದು ಸಲ ಬಾಯಲ್ಲಿ ಹೊರಳಿಸಿ ನೋಡಿದಳು, "ಯಾನಪ್ಪ" ಎಂದಳು. ಅವನು ಓ ಎಂದ. ಅಂದಿನಿಂದ ಅವನು ನಮ್ಮ ಮನೆಯಲ್ಲಿ ಯಾನಪ್ಪನೇ.

ಅವನ ತೋಟ ನೋಡಿ ನಾನು ಬೆರಗಾದೆ. ಬಳ್ಳಿಯ ಬುಡದಲ್ಲಿ ಒಂದು ಕಸವಿಲ್ಲ, ತಂತಿಯಲ್ಲಿ ಒಂದು ಸಡಿಲವಿಲ್ಲ. ರ್ಯಾಕಿನ ಮೇಲಿನ ಮಣೂಕವನ್ನು ಕಾಕಿ ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದಳು. ಎಲ್ಲವೂ ಒಂದೇ ಬಣ್ಣ, ಹೊಸ ಬೆಲ್ಲದ್ದು. ನಮ್ಮ ಕಡೆಯ ಅಲಖನೂರಿನ ಗಾಣದಲ್ಲಿ ಪಾಕ ಹದಕ್ಕೆ ಬಂದಾಗ ಮಾತ್ರ ಕಾಣುವ ಬಣ್ಣ. "ಇದನ್ನ ನಮ್ಮ ಶೆಡ್ಡಿನ್ಯಾಗ ತಗೀಬೇಕ ನೋಡು" ಎಂದು ನಿಟ್ಟುಸಿರು ಬಿಟ್ಟಳು.

ಅವಳಿಗೆ ಹಸಿ ಗೊಂಚಲು ಹರಡುವುದನ್ನು, ಸಿಂಪಡಿಸುವುದನ್ನು ಮೊದಲಿಂದ ಕಾಣಬೇಕಿತ್ತು. ಆದರೆ ಆ ದಿನದ ಕೊಯ್ಲು, ಸಿಂಪಡಣೆ ಎರಡೂ ಬೆಳಿಗ್ಗೆಯೇ ಮುಗಿದಿದ್ದವು. ತೋಟದಲ್ಲಿ ಉಳಿದಿದ್ದ ಹಣ್ಣನ್ನು ಆಳುಗಳು ಮರುದಿನ ಕೊಯ್ದು ಬೇರೆ ತೋಟಕ್ಕೆ ಹೋಗುವವರಿದ್ದರು. "ಸಿಂಪಡಿಸುವುದು ನೋಡಬೇಕಿತ್ತಂತೆ" ಎಂದು ನಾನು ಯಾನಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿದ.

ಮರಿಯಾ ಊಟಕ್ಕೆ ಹಾಕಿದಳು. ರೊಟ್ಟಿ, ಎಣ್ಣೆಯಲ್ಲಿ ನೆನೆದ ಆಲಿವ್ ಕಾಯಿ, ಮೊಸರು. ಮೊಸರಿನಲ್ಲಿ ಸವತೆಕಾಯಿ, ಬೆಳ್ಳುಳ್ಳಿ ಹೆಚ್ಚಿ ಹಾಕಿದ್ದಳು. ಕಾಕಿ ಒಂದು ತುತ್ತು ತಿಂದು, "ಇದು ನಮ್ಮ ಪಚಡಿ ಅಲ್ಲೇನ?" ಎಂದಳು. ತನ್ನ ಗಂಟಿನಿಂದ ಶೇಂಗಾ ಹಿಂಡಿ, ನಮ್ಮ ಖಾರದ ಚಟ್ನಿಪುಡಿ, ತೆಗೆದು ಮರಿಯಾಳ ತಟ್ಟೆಗೆ ಹಾಕಿದಳು. ಮರಿಯಾಳ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂದದ್ದು. ಆದರೂ ಎರಡನೆಯ ಸಲ ತಾನೇ ಕೇಳಿ ಹಾಕಿಸಿಕೊಂಡಳು. ಇಬ್ಬರು ಹೆಂಗಸರೂ ಮರಾಠಿ ಮತ್ತು ಗ್ರೀಕಿನಲ್ಲಿ ಇಡೀ ಮಧ್ಯಾಹ್ನ ಮಾತಾಡಿದರು. ಯಾರ ಬಗ್ಗೆ ಆಡಿಕೊಂಡರು ಎಂದು ಯಾನಪ್ಪನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ಸಂಜೆ ವಿಮಾನದ ಮೆಟ್ಟಿಲ ಬಳಿ ಕಾಕಿ ಕೈಮುಗಿದು, "ಬರ್ತೀವ್ರಿ ಯಾನಪ್ಪ" ಎಂದಳು. ಹೊರಡುವಾಗ 'ಹೋಗ್ತೀವಿ' ಎನ್ನುವ ಹೆಣ್ಣುಮಗಳನ್ನು ನಾನು ನಮ್ಮ ಕಡೆ ಕಂಡಿಲ್ಲ. ನಾನು ಮಾತಿಗೆ ಮಾತು ಇಟ್ಟು ಹೇಳಿದೆ: ನಾವು ಬರುತ್ತೇವೆ.

ಯಾನಪ್ಪ ಮೀಸೆ ತೀಡಿ, "ಯಾವಾಗ?" ಎಂದ.

ಇದೆಂಥ ಪ್ರಶ್ನೆ ಎನ್ನಿಸಿತು. ಕಾಕಿಗೆ ಹೇಳಿದೆ. ಅವಳು ನಕ್ಕು, "ಅದಕ್ಕೇನ, ನಾಳೆ ನಾಡದ ಬರ್ತೀವಿ ಅನ್ನು" ಎಂದಳು. ನಮ್ಮಲ್ಲಿ ನಾಳೆ ನಾಡದ ಎಂಬುದು ಯಾವ ದಿನವೂ ಅಲ್ಲ. ಮದುವೆಯ ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನ ಕಿಟಕಿಯಿಂದ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ಇಂಗ್ಲಿಷಿನಲ್ಲಿ ಅದು ನನ್ನ ಬಾಯಿಂದ 'ನಾಳೆ, ಇಲ್ಲವೆ ನಾಡಿದ್ದು' ಎಂದು ಹೊರಬಿತ್ತು.

"ಸರಿ" ಎಂದ ಯಾನಪ್ಪ.

ಬರುವಾಗ ಆಕಾಶದಲ್ಲಿ ಅದೇ ಅರ್ಧ ತಾಸು, ಗಡಿಯಾರದಲ್ಲಿ ಒಂದು ತಾಸು. ಹೋಗುವಾಗ ಉಳಿಸಿದ್ದನ್ನು ಬರುವಾಗ ಕಿತ್ತುಕೊಂಡರು ಎಂದು ಕಾಕಿ ದಾರಿಯುದ್ದಕ್ಕೂ ಗೊಣಗಿದಳು.

ಮಿಲ್ಡುರಾದಲ್ಲಿ ಒಂದು ಫೋನು

ಮರುದಿನ ಬೇರೆ ತೋಟ ನೋಡಿದೆವು. ಅದರ ಮರುದಿನ ನಮ್ಮದು ಅಲ್ಲಿ ಕೊನೆಯ ದಿನ. ಮುಂದಿನ ಬೆಳಿಗ್ಗೆ ಮೆಲ್ಬರ್ನಿಗೆ ಬಸ್ಸು, ಅಲ್ಲಿಂದ ಊರಿಗೆ. ಎಲ್ಲರೂ ಪೆಟ್ಟಿಗೆ ಕಟ್ಟುತ್ತಿದ್ದಾಗ ನನಗೆ ಫೋನು ಬಂದ ಸುದ್ದಿ ಬಂತು. ಆ ಕಡೆ ಯಾನಪ್ಪ.

"ನಿನ್ನೆ ವಿಮಾನದ ಸದ್ದು ಕೇಳಿದಾಗೆಲ್ಲ ಹೊರಗೆ ಬಂದು ನೋಡಿದೆವು. ಇವತ್ತು ಬರುತ್ತೀರಲ್ಲ?" ಎಂದ. "ಸಂಜೆ ಮಳೆ ಅಂತ ರೇಡಿಯೊದಲ್ಲಿ ಹೇಳುತ್ತಿದ್ದಾರೆ. ಆಳುಗಳು ನಿನ್ನೆಯೇ ಹೋದರು. ನಿಮ್ಮ ಸಾಲು ಬಿಟ್ಟಿದ್ದೇನೆ."

ಯಾವ ಸಾಲು ಎಂದು ಕೇಳಿದೆ. "ನಿಮ್ಮ ಕಾಕಿ, ಸಿಂಪಡಿಸುವುದನ್ನು ನೋಡಬೇಕು ಎಂದಿದ್ದರಲ್ಲ. ಬರುತ್ತೇವೆ ಎಂದಿರಿ. ಒಂದು ಸಾಲು ಕೊಯ್ಯದೆ ಬಿಟ್ಟೆ" ಎಂದ. ಅವನ ದನಿಯಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಹಣ್ಣಾದ ದ್ರಾಕ್ಷಿಯ ಮೇಲೆ ಮಳೆ ಬಿದ್ದರೆ ಏನಾಗುತ್ತದೆ ಎಂದು ದ್ರಾಕ್ಷಿ ಬೆಳೆದವರಿಗೆ ಹೇಳಬೇಕಿಲ್ಲ. ಸಿಪ್ಪೆ ಒಡೆಯುತ್ತದೆ, ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆ ಬಳ್ಳಿಯ ಮೇಲೆಯೇ ಹುಳಿಯಾಗುತ್ತದೆ.

ಕಾಕಿಗೆ ಹೇಳಿದೆ. ಅವಳು ಮಡಿಸುತ್ತಿದ್ದ ಸೀರೆಯನ್ನು ಹಾಗೆಯೇ ಕೆಳಗಿಟ್ಟಳು.

"ಮಳಿ ಬರೂದೈತಿ ಅಂತ ಗೊತ್ತಿದ್ದೂ ಬಿಟ್ಟಾನ?"

"ಹೌದು."

"ನಾವ ಬರ್ತೀವಿ ಅಂದದ್ದಕ್ಕ?"

"ಹೌದು ಕಾಕಿ."

"ಮಾತ ಕಲತಾಗಿಂದ ಹಂಗ ಅನ್ಕೋತ ಬಂದೀನಿ. ಯಾವಾಗ ಅಂತ ಒಬ್ಬರೂ ಕೇಳಿರಲಿಲ್ಲ" ಎಂದಳು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಡ್ರೈವರಗ ಫೋನ್ ಮಾಡು."

ತಂಡದ ಹಿರಿಯರು ಬೇಡವೆಂದರು. ನಾಳೆ ಬಸ್ಸು ತಪ್ಪಿದರೆ ಊರಿಗೆ ಹೋಗುವ ದೊಡ್ಡ ವಿಮಾನವೂ ತಪ್ಪುತ್ತದೆ, ಫೋನಿನಲ್ಲಿಯೇ 'ಸಾರಿ' ಎಂದು ಕ್ಷಮೆ ಕೇಳಿಬಿಡಿ ಎಂದರು. ಮಾತು ನ್ಯಾಯವಾಗಿಯೇ ಇತ್ತು. ಊರಲ್ಲಿ ನಮ್ಮ ತೋಟದಲ್ಲೂ ಹಣ್ಣು ಕಾದಿತ್ತು.

"ಸಾರಿ ಅಂದ್ರ ಹಣ್ಣ ಬಳ್ಳಿಯಿಂದ ಇಳಿತಾವೇನ್ರಿ?" ಎಂದಳು ಕಾಕಿ. "ಮೂರಕ್ಕ ಹೊಂಟ್ರ ಮೂರಕ್ಕ ಮುಟ್ಟೂದು. ಹೋಗಾಕ ಹೊತ್ತ ಬೇಕಾಗೂದ ಇಲ್ಲ. ಹೊತ್ತ ಇಲ್ಲ ಅಂತ ಯಾವ ಬಾಯಿಲೆ ಹೇಳಲಿ ಅಂವಗ?"

ನಾವಿಬ್ಬರು ನಿಲ್ದಾಣಕ್ಕೆ ಹೊರಟೆವು. ಕೆವಿನ್ ಕಡ್ಡಿ ಮುರಿದಂತೆ ಹೇಳಿದ: ಕರೆದೊಯ್ಯುತ್ತೇನೆ, ಅಲ್ಲಿ ಕಾಯುತ್ತೇನೆ. ಆದರೆ ಬಿರುಮಳೆ ಹಿಡಿದರೆ ವಿಮಾನ ಎತ್ತುವುದಿಲ್ಲ, ರಾತ್ರಿ ಅಲ್ಲೇ ಕಳೆಯಬೇಕಾಗುತ್ತದೆ. ಕಾಕಿ ತಾನಾಗಿಯೇ ಹೋಗಿ ತಕ್ಕಡಿಯ ಮೇಲೆ ನಿಂತಳು.

ಮತ್ತೆ ರೆನ್‌ಮಾರ್ಕ್

ಮೂರಕ್ಕೆ ಹೊರಟು ಮೂರಕ್ಕೇ ಮುಟ್ಟಿದೆವು. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಯಾನಪ್ಪ ಅದೇ ಮರದ ಕೆಳಗೆ ನಿಂತಿದ್ದ. ನಮ್ಮನ್ನು ಕಂಡು ಅವನು ಕೈ ಬೀಸಿದ ರೀತಿಯಲ್ಲಿ, ನಾವು ಬರದೆ ಇರಬಹುದಿತ್ತು ಎಂಬ ಅನುಮಾನ ಅವನಿಗೆ ಒಮ್ಮೆಯೂ ಬಂದಿಲ್ಲ ಎಂದು ತಿಳಿಯುತ್ತಿತ್ತು. ನನಗೆ ಅವನ ಕಣ್ಣು ನೋಡಲಾಗಲಿಲ್ಲ. ಕಾಕಿ ನೇರ ಅವನ ಮುಂದೆ ಹೋಗಿ, "ಬಂದ್ವಿ ಯಾನಪ್ಪ" ಎಂದಳು.

ಬೋಳು ತೋಟದ ನಡುವೆ ಒಂದೇ ಒಂದು ಸಾಲು, ಈ ತುದಿಯಿಂದ ಆ ತುದಿಯವರೆಗೆ ಹೊಂಬಣ್ಣದ ಗೊಂಚಲು ಹೊತ್ತು ನಿಂತಿತ್ತು. ಉದ್ದದ ಸಾಲು. ಗಂಡ ಹೆಂಡತಿ ಇಬ್ಬರಿಂದ ಸಂಜೆಯೊಳಗೆ ಆಗುವ ಕೆಲಸವಾಗಿರಲಿಲ್ಲ. ಮರಿಯಾ ಕತ್ತರಿ ಹಂಚಿದಳು. ಕೆವಿನ್ ತನಗೂ ಒಂದು ಕೊಡಿ ಎಂದ.

ಕಾಕಿ ಕೊಯ್ಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೆ ಅವತ್ತಿನ ಹಾಗೆ ನೋಡಿರಲಿಲ್ಲ. ಎಡಗೈಯಲ್ಲಿ ಗೊಂಚಲು ಹಿಡಿದು ಬಲಗೈಯಲ್ಲಿ ತೊಟ್ಟು ಕತ್ತರಿಸಿ, ಬುಟ್ಟಿಗೆ ಇಳಿಸುವುದರೊಳಗೆ ಕಣ್ಣು ಮುಂದಿನ ಗೊಂಚಲಿನ ಮೇಲೆ. ಯಾನಪ್ಪ ಆ ತುದಿಯಿಂದ ಬಂದ, ಅವಳು ಈ ತುದಿಯಿಂದ. ಉಳಿದ ನಾವು ಮೂವರು ನಡುನಡುವೆ ಕೊಯ್ಯುತ್ತ, ತುಂಬಿದ ಬುಟ್ಟಿ ಹೊತ್ತು ರ್ಯಾಕಿಗೆ ಓಡಿದೆವು. ಗಾಳಿ ತಣ್ಣಗಾಯಿತು, ಎಲೆಗಳು ಬೆಳ್ಳಗಿನ ಬೆನ್ನು ತೋರಿಸತೊಡಗಿದವು.

"ಡ್ರೈವರ್ ಸಾಹೇಬ್ರ, ಹಣ್ಣ ಹಿಸುಕಬ್ಯಾಡ್ರಿ" ಎಂದು ಕಾಕಿ ಕನ್ನಡದಲ್ಲಿಯೇ ಬೈದಳು. ಕೆವಿನ್‌ಗೆ ಅರ್ಥವಾಯಿತು. ಕೊಯ್ಲಿನ ಹೊತ್ತಿನಲ್ಲಿ ಯಾವ ಭಾಷೆಯೂ ಅಡ್ಡ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ಬಾಯಿಯಾಗಿ ಬಂದ ನನಗೆ ಆ ಮಧ್ಯಾಹ್ನ ಕೈಯ ಕೆಲಸ ಮಾತ್ರ ಇತ್ತು.

ಸಾಲಿನ ನಡುವೆ ಅವರಿಬ್ಬರೂ ಎದುರಾದರು. ಕೊನೆಯ ಗೊಂಚಲನ್ನು ಯಾನಪ್ಪ ಕಾಕಿಗೆ ಬಿಟ್ಟುಕೊಟ್ಟ. ಅದನ್ನು ರ್ಯಾಕಿನ ತಂತಿಯ ಮೇಲೆ ಹರಡಿದಾಗ ತಗಡಿನ ಮೇಲೆ ಮೊದಲ ಹನಿ ಟಪ್ಪೆಂದಿತು, ಆಮೇಲೆ ಇಡೀ ಚಾವಣಿ ಸದ್ದು ಮಾಡತೊಡಗಿತು. ಚಾವಣಿಯ ಕೆಳಗೆ ನಿಂತು ಯಾನಪ್ಪ ಪಂಪು ಹಿಡಿದ. ಎಣ್ಣೆ ಬೆರೆಸಿದ ನೀರು ಮಂಜಿನ ಹಾಗೆ ಗೊಂಚಲುಗಳ ಮೇಲೆ ಕೂತಿತು. ಕಾಕಿ ಪಂಪು ಇಸಿದುಕೊಂಡು ತಾನೂ ಹೊಡೆದು ನೋಡಿದಳು. ಅದ್ದಿದರೆ ಗೊಂಚಲ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ಸಿಂಪಡಿಸಿದರೆ ನಿಲ್ಲುವುದಿಲ್ಲ. "ಇಷ್ಟ ನೋಡು ಬಣ್ಣದ ಗುಟ್ಟು" ಎಂದಳು. ಅವಳ ಮುಖ ನೋಡಿ ನನಗೆ ಬಹಳ ಸಂತೋಷವಾಯಿತು. ಅಷ್ಟು ದೂರ ಬಂದದ್ದಕ್ಕೆ ಸಿಕ್ಕ ಫಲ ಅದು, ಸಿಕ್ಕಿದ್ದು ಅವನು ನಮ್ಮ ಮಾತನ್ನು ನಂಬಿದ್ದರಿಂದ.

ಮಳೆ ಒಂದು ಸಲ ಸುರಿದು ನಿಂತಿತು. ಕೆವಿನ್ ಆಕಾಶ ನೋಡಿ, ಹೊರಡಬಹುದು ಎಂದ. ಮೆಟ್ಟಿಲ ಬಳಿ ಕಾಕಿ ಕೈಮುಗಿದಳು. ಬಾಯಿ ತೆರೆದಳು, ಮುಚ್ಚಿದಳು. 'ಹೋಗ್ತೀವಿ' ಎನ್ನಲು ಅವಳಿಂದ ಆಗದು. 'ಬರ್ತೀವಿ' ಎಂದರೆ ಈ ಮನುಷ್ಯ ಇನ್ನೊಂದು ಸಾಲು ಬಿಡುತ್ತಾನೆ.

"ಏನ ಅನ್ಲಿ ಈಗ?" ಎಂದು ನನ್ನನ್ನು ಕೇಳಿದಳು.

ಯಾನಪ್ಪನೇ ಕೇಳಿದ: "ಯಾವಾಗ?"

ಈ ಸಲ ಅವಳು ನಗಲಿಲ್ಲ. ಕೂಡಿಸಿ ಕಳೆದು ಯೋಚಿಸಿದಳು. "ನೀವ ಬರ್ರಿ" ಎಂದಳು. "ಮುಂದಿನ ವರ್ಷ, ನಿಮ್ಮ ಕೊಯ್ಲ ಮುಗದ ಮ್ಯಾಲ. ಮರಿಯಾನ್ನೂ ಕರಕೊಂಡ ಬರ್ರಿ. ಒಂದ ಸಾಲ ಬಿಟ್ಟಿರತೀನಿ."

ನಾನು ಒಂದೊಂದು ಮಾತನ್ನೂ ಎರಡು ಸಲ ತೂಗಿ ಹೇಳಿದೆ.

"ಸರಿ" ಎಂದ ಯಾನಪ್ಪ.

ಐಗಳಿ

ಮುಂದಿನ ವರ್ಷ ನಮ್ಮ ಶೆಡ್ಡಿನಲ್ಲಿ ಸಿಂಪಡಿಸಿದ ಮಣೂಕಕ್ಕೆ ಬಣ್ಣ ಬಂತು. ತೋಟವೆಲ್ಲ ಕೊಯ್ದಾಯಿತು. ಬೇಲಿಯ ಕಡೆಯ ಒಂದು ಸಾಲನ್ನು ಕಾಕಿ ಮುಟ್ಟಗೊಡಲಿಲ್ಲ. ಹಕ್ಕಿ ಬೀಳದಂತೆ ಹಳೆಯ ಸೀರೆಗಳನ್ನು ಹೊದಿಸಿ ಕಟ್ಟಿದಳು. ದಾರಿಹೋಕರು, ಸಾಲಿಗೆ ಸೀರೆ ಉಡಿಸಿದ್ದೀರಲ್ಲ ಎಂದು ಕೇಳುವರು. "ಹಕ್ಕಿ ಬಂದ ತಿಂದ್ರ ತಿಂದಾವು, ನಿಮ್ಮ ಯಾನಪ್ಪ ಎಲ್ಲಿಂದ ಬಂದಾನ" ಎಂದು ಕಾಕಾ ಅಣಕಿಸುವನು.

ಯಾನಪ್ಪ ಅಥಣಿಯ ಪರಿಚಯದವರ ಅಂಗಡಿಗೆ ಫೋನು ಮಾಡಿದ. ಶುಕ್ರವಾರ ಮುಂಬಯಿಯಿಂದ ಸಣ್ಣ ವಿಮಾನದಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕಾರು ಮಾಡಿಕೊಂಡು ಬರುತ್ತೇವೆ ಎಂದ. ಶುಕ್ರವಾರ ಮಧ್ಯಾಹ್ನ ಕಾಗವಾಡದ ಕಡೆಯಿಂದ ಕಪ್ಪು ಮೋಡ ಎದ್ದಿತು. ಅಕಾಲದ ಮಳೆ. ಕಾಕಾ ಕತ್ತರಿ ತಂದು ನಿಂತ. ಈಗ ಅವನು ಅಣಕಿಸುತ್ತಿರಲಿಲ್ಲ.

"ಕೊಯ್ಯೂನು ಬಾ. ಬಂದ್ರ ಶೆಡ್ಡಿನ್ಯಾಗ ತೋರಸೂನಂತ."

"ಶುಕ್ರವಾರ ಅಂದಾರ" ಎಂದಳು ಕಾಕಿ. "ಶುಕ್ರವಾರ ಇನ್ನಾ ಮುಗದಿಲ್ಲ."

ಮಳೆ ಬಂತು. ಅವರು ಬರಲಿಲ್ಲ. ಹವಾಮಾನ ಕೆಟ್ಟು ಮುಂಬಯಿಯಿಂದ ವಿಮಾನವೇ ಎದ್ದಿರಲಿಲ್ಲ ಎಂದು ನಮಗೆ ಆಮೇಲೆ ಗೊತ್ತಾಯಿತು. ಕಾಕಿ ಊಟ ಮಾಡದೆ ಪಡಸಾಲೆಯಲ್ಲಿ ಕೂತಳು.

ಮರುದಿನ ಊಟದ ಹೊತ್ತಿಗೆ ಕೆಸರು ಮೆತ್ತಿಕೊಂಡ ಕಾರೊಂದು ಬಂದು ನಿಂತಿತು. ಹುಲ್ಲಿನ ಟೊಪ್ಪಿಗೆಯ ಯಾನಪ್ಪ, ಹಿಂದೆ ಮರಿಯಾ. ಕಾಕಿ ಅವರಿಗೆ ನೀರು ಕೊಟ್ಟು, ಕೂರಿಸದೆ ನೇರ ಬೇಲಿಯ ಕಡೆಗೆ ಕರೆದೊಯ್ದಳು. ಯಾನಪ್ಪ ಒದ್ದೆ ಸೀರೆಯ ಸೆರಗನ್ನು ಎತ್ತಿದ. ಹಣ್ಣುಗಳು ಒಡೆದಿದ್ದವು, ಜೇನುಹುಳು ಮುತ್ತಿದ್ದವು. ಅವನು ತಿರುಗಿ ಬೋಳಾದ ಇಡೀ ತೋಟವನ್ನು ನೋಡಿದ. ಮತ್ತೆ ಆ ಸಾಲನ್ನು ನೋಡಿದ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಏನನ್ನೂ ಅನುವಾದಿಸಬೇಕಾಗಲಿಲ್ಲ.

"ತಡಾ ಆತು ಯಾನಪ್ಪ" ಎಂದಳು ಕಾಕಿ.

ಅವನು ತನ್ನ ಮಣಿಕಟ್ಟನ್ನು ಅವಳ ಮಣಿಕಟ್ಟಿನ ಪಕ್ಕ ಹಿಡಿದ. ಅವನೂ ತನ್ನ ಊರಿನ ಹೊತ್ತನ್ನು ಬದಲಿಸಿರಲಿಲ್ಲ. ಸಣ್ಣ ಮುಳ್ಳುಗಳು ದೂರ ದೂರ ಇದ್ದವು, ದೊಡ್ಡ ಮುಳ್ಳುಗಳು ಕೂಡಿದ್ದವು. ಕಾಕಿ ಆ ವರ್ಷ ಮೊದಲ ಸಲ ಬಾಯಿತುಂಬ ನಕ್ಕಳು. ಎಲ್ಲರೂ ಕೂತು ಒಡೆಯದ ಹಣ್ಣನ್ನು ಆರಿಸಿದೆವು. ಒಂದು ಬುಟ್ಟಿ ಆಯಿತು. ಯಾನಪ್ಪ ಅದನ್ನು ತಾನೇ ಹರಡಿ, ತಾನೇ ಸಿಂಪಡಿಸಿದ.

ನಾಲ್ಕು ದಿನ ಇದ್ದರು. ಮರಿಯಾ ರೊಟ್ಟಿ ಬಡಿಯಲು ಕಲಿತಳು, ಯಾನಪ್ಪ ಕಾಕಾನ ಜೊತೆ ಕೂತು ಎಲೆಯಡಿಕೆ ಹಾಕಲು ಕಲಿತ. ಇನ್ನೂ ಏನನ್ನೋ ನನ್ನ ಹತ್ತಿರ ಗುಟ್ಟಾಗಿ ಕೇಳಿ ಬಾಯಿಪಾಠ ಮಾಡಿಕೊಂಡ. ಹೊರಡುವ ದಿನ ಕಾರಿನಲ್ಲಿ ಕೂತು, ಕಿಟಕಿಯಿಂದ ಕೈಮುಗಿದು, ಒಂದೊಂದೇ ಅಕ್ಷರ ಜೋಡಿಸಿ ಹೇಳಿದ:

"ಬರ್ತೀವ್ರಿ ಗಂಗವ್ವ. ನಾಳೆ ನಾಡದ."

ನೆರೆದವರೆಲ್ಲ ಘೊಳ್ಳೆಂದು ನಕ್ಕರು. ಕಾಕಿ ನಗಲಿಲ್ಲ. ಕಿಟಕಿಗೆ ಬಗ್ಗಿ, ಅವನ ಮುಖ ನೋಡಿ ಕೇಳಿದಳು.

"ಯಾವಾಗ?"